ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಲ್ಲುವುದೇಕೆ? ಭೌತವಿಜ್ಞಾನ ಉತ್ತರ ಹುಡುಕುವ ದಾರಿ

ನಾನು ಪಿಯುಸಿ ಓದುತ್ತಿದ್ದಾಗ ಚಿಕ್ಕಪ್ಪನ ಹೊಲದಲ್ಲಿ ಬೋರ್‌ವೆಲ್ ಕೊರೆಸುವುದಿತ್ತು. ರಿಗ್ ಲಾರಿ ಬರುವ ಹಿಂದಿನ ದಿನ ಪಕ್ಕದ ಊರಿನಿಂದ ನೀರು ನೋಡುವವರೊಬ್ಬರು ಬಂದರು. ಜುಟ್ಟು ಬಿಟ್ಟ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು ಹೊಲದ ಉದ್ದಕ್ಕೂ ನಿಧಾನವಾಗಿ ನಡೆದರು. ಒಂದು ಕಡೆ ಬರುತ್ತಿದ್ದಂತೆ ಕಾಯಿ ಮೆಲ್ಲಗೆ ಎದ್ದು ನೆಟ್ಟಗೆ ನಿಂತಿತು. ಅಲ್ಲೊಂದು ಕಲ್ಲಿಟ್ಟು ಗುರುತು ಮಾಡಿದರು. ನನಗೆ ಕುತೂಹಲ ತಡೆಯಲಾಗಲಿಲ್ಲ. ಕಾಯಿಯನ್ನು ಇಸಿದುಕೊಂಡು ನಾನೂ ನಡೆದೆ. ಅದೇ ಕಲ್ಲಿನ ಹತ್ತಿರ ನನ್ನ ಕೈಯಲ್ಲೂ ಅದು ಎದ್ದು ನಿಂತಿತು! ನಾನು ಬೇಕೆಂದು ಕೈ ಆಡಿಸಿರಲಿಲ್ಲ.

ಮರುದಿನ ಆ ಜಾಗದಲ್ಲಿ 600 ಅಡಿ ಕೊರೆದರೂ ಬರೀ ದೂಳು ಬಂತು. ಎರಡನೇ ಪಾಯಿಂಟ್‌ನಲ್ಲೂ ಅಷ್ಟೇ. ಮೂರನೆಯದರಲ್ಲಿ ಒಂದೂವರೆ ಇಂಚು ನೀರು ಬಿತ್ತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೂ ಬತ್ತಿತು. ಸಾಲ ತೀರಲು ಮಾತ್ರ ಬಹಳ ವರ್ಷ ಹಿಡಿಯಿತು. ಆದರೆ ಈಗಲೂ ಆ ಮಾತು ಬಂದಾಗ ಚಿಕ್ಕಪ್ಪ ನೆನಪಿಸಿಕೊಳ್ಳುವುದು ಮೂರನೇ ಬೋರ್ ಅನ್ನೇ. "ಕಾಯಿ ತೋರಿಸಿದ್ದು ಸುಳ್ಳಾಗಲಿಲ್ಲ ನೋಡು" ಎನ್ನುತ್ತಾರೆ.

ಕಾಯಿ ಎದ್ದು ನಿಂತದ್ದು ನಿಜ. ಅದು ಕೆಳಗಿದ್ದ ನೀರಿನಿಂದಲೇ ಎದ್ದಿತೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಭೌತವಿಜ್ಞಾನ ಎಂದರೇನು, ವಿಜ್ಞಾನದ ವಿಧಾನ ಹೇಗೆ ಕೆಲಸ ಮಾಡುತ್ತದೆ ಎಂಬುದೂ ಅರ್ಥವಾಗುತ್ತದೆ. ಬನ್ನಿ, ಒಂದೊಂದೇ ಹೆಜ್ಜೆ ಇಡೋಣ.

ಭೌತವಿಜ್ಞಾನ ಎಂದರೆ ಸೂತ್ರಗಳ ಪಟ್ಟಿಯೇ?

ಶಾಲೆಯಲ್ಲಿ ಭೌತವಿಜ್ಞಾನ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಸೂತ್ರಗಳು ಎಂದು ಬಹಳ ಜನ ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಕೆಲವೇ ಪ್ರಶ್ನೆಗಳನ್ನು ಪಟ್ಟುಬಿಡದೆ ಕೇಳುವ ಅಭ್ಯಾಸ. ಒಂದು ವಸ್ತು ಅಲುಗಾಡಿದರೆ, ಅದನ್ನು ಅಲುಗಾಡಿಸಿದ ಬಲ ಯಾವುದು? ಆ ಕೆಲಸಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬಂತು? ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು?

ಈ "ಎಷ್ಟು" ಎಂಬ ಪ್ರಶ್ನೆಯೇ ಭೌತವಿಜ್ಞಾನದ ಜೀವಾಳ. "ನೀರು ಕಾಯಿಯನ್ನು ಸೆಳೆಯುತ್ತದೆ" ಎನ್ನುವುದು ಒಂದು ಮಾತು. "ಎಷ್ಟು ನೀರು, ಎಷ್ಟು ಆಳದಿಂದ, ಎಷ್ಟು ಬಲದಿಂದ ಸೆಳೆಯುತ್ತದೆ" ಎಂದು ಕೇಳಿದ ಕೂಡಲೇ ಆ ಮಾತನ್ನು ಪರೀಕ್ಷಿಸಲು ಸಾಧ್ಯವಾಗುತ್ತದೆ.

ನೋಡಿದ್ದೇನು, ಅಂದುಕೊಂಡಿದ್ದೇನು?

ವಿಜ್ಞಾನದ ಮೊದಲ ಹೆಜ್ಜೆ ಅವಲೋಕನ, ಅಂದರೆ ಕಂಡದ್ದನ್ನು ಕಂಡಹಾಗೆ ಹೇಳುವುದು. ಸುಲಭ ಎನಿಸಿದರೂ ಎಡವುವುದು ಇಲ್ಲೇ ಹೆಚ್ಚು.

ಅಂದು ಹೊಲದಲ್ಲಿ ನಾವು ಕಂಡದ್ದು ಇಷ್ಟು: ಒಬ್ಬ ವ್ಯಕ್ತಿ ಕಾಯಿ ಹಿಡಿದು ನಡೆದರು, ಒಂದು ಜಾಗದಲ್ಲಿ ಕಾಯಿ ಎದ್ದಿತು. "ಕೆಳಗೆ ನೀರಿದೆ, ಅದಕ್ಕೇ ಕಾಯಿ ಎದ್ದಿತು" ಎನ್ನುವುದು ನಾವು ಕಂಡದ್ದಲ್ಲ, ಅಂದುಕೊಂಡದ್ದು. ಇಂಥ ವಿವರಣೆಯನ್ನು ವಿಜ್ಞಾನದಲ್ಲಿ ಊಹೆ ಅಥವಾ ಪ್ರಾಕ್ಕಲ್ಪನೆ ಎನ್ನುತ್ತಾರೆ. ಊಹಿಸುವುದು ತಪ್ಪಲ್ಲ, ವಿಜ್ಞಾನಿಗಳೂ ಊಹೆಯಿಂದಲೇ ಶುರು ಮಾಡುತ್ತಾರೆ. ಆದರೆ ಒಂದೇ ಊಹೆಗೆ ಅಂಟಿಕೊಂಡು ಕೂರುವುದಿಲ್ಲ. ಇಲ್ಲಿ ಕನಿಷ್ಠ ಎರಡು ಊಹೆಗಳಿವೆ:

ಒಂದು, ನೆಲದಡಿಯ ನೀರು ಕಾಯಿಯನ್ನು ಎಬ್ಬಿಸುತ್ತದೆ.

ಎರಡು, ಹಿಡಿದವರ ಕೈಯೇ ಅವರಿಗೂ ತಿಳಿಯದಂತೆ ಕಾಯಿಯನ್ನು ಎಬ್ಬಿಸುತ್ತದೆ.

ಎರಡನೇ ಊಹೆ ಯಾರನ್ನೂ ಮೋಸಗಾರ ಎನ್ನುತ್ತಿಲ್ಲ ಎಂಬುದನ್ನು ಗಮನಿಸಿ. ಅಂದು ನನ್ನ ಕೈಯಲ್ಲೂ ಕಾಯಿ ಎದ್ದಿತ್ತು, ನಾನು ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಆದರೆ ಒಂದು ವಿಷಯವಿತ್ತು: ಕಲ್ಲು ಎಲ್ಲಿದೆ ಎಂದು ನನಗೆ ಮೊದಲೇ ಗೊತ್ತಿತ್ತು.

ಕಾಯಿಯನ್ನು ಎತ್ತುವ ಬಲ ನೀರಿಗಿದೆಯೇ?

ಮೊದಲ ಊಹೆಯನ್ನು ಲೆಕ್ಕಕ್ಕೆ ಹಚ್ಚೋಣ. ನಮಗೆ ಇದುವರೆಗೆ ತಿಳಿದಿರುವ ಮೂಲಭೂತ ಬಲಗಳು ನಾಲ್ಕು: ಗುರುತ್ವ ಬಲ, ವಿದ್ಯುತ್ಕಾಂತೀಯ ಬಲ, ಪ್ರಬಲ ನ್ಯೂಕ್ಲಿಯರ್ ಬಲ ಮತ್ತು ದುರ್ಬಲ ನ್ಯೂಕ್ಲಿಯರ್ ಬಲ. ಕೊನೆಯ ಎರಡು ಪರಮಾಣುವಿನ ಬೀಜದಷ್ಟು ಸಣ್ಣ ದೂರದಲ್ಲಿ ಮಾತ್ರ ಕೆಲಸ ಮಾಡುತ್ತವೆ, ಹಾಗಾಗಿ ಇಲ್ಲಿ ಅವುಗಳಿಗೆ ಪಾತ್ರವಿಲ್ಲ. ವಿದ್ಯುತ್ಕಾಂತೀಯ ಬಲ ದೂರದಿಂದ ಎಳೆಯಬೇಕಾದರೆ ವಸ್ತುಗಳಲ್ಲಿ ವಿದ್ಯುದಾವೇಶವೋ ಕಾಂತತೆಯೋ ಇರಬೇಕು. ನೀರಿನಲ್ಲಾಗಲೀ ತೆಂಗಿನಕಾಯಿಯಲ್ಲಾಗಲೀ ಲೆಕ್ಕಕ್ಕೆ ಬರುವಷ್ಟು ಅವು ಇಲ್ಲ. ಉಳಿದದ್ದು ಗುರುತ್ವ.

ದ್ರವ್ಯರಾಶಿ ಇರುವ ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಸೆಳೆಯುತ್ತದೆ. ಹಾಗಾಗಿ ನೆಲದಡಿಯ ನೀರು ಕಾಯಿಯನ್ನು ಸೆಳೆಯುವುದು ನಿಜ! ಎಷ್ಟು ಎಂಬುದಷ್ಟೇ ಪ್ರಶ್ನೆ. ಧಾರಾಳವಾಗಿ ಊಹಿಸೋಣ: 50 ಮೀಟರ್, ಅಂದರೆ ಸುಮಾರು 165 ಅಡಿ ಆಳದಲ್ಲಿ 10 ಲಕ್ಷ ಲೀಟರ್ ನೀರು ಒಂದೇ ಕಡೆ ಇದೆ ಎಂದಿಟ್ಟುಕೊಳ್ಳಿ. ಅದರ ತೂಕ 10 ಲಕ್ಷ ಕಿಲೋ. ನ್ಯೂಟನ್ನನ ಗುರುತ್ವ ನಿಯಮದ ಪ್ರಕಾರ ಆ ನೀರಿನ ಸೆಳೆತ ಭೂಮಿಯ ಒಟ್ಟು ಸೆಳೆತದ ಸುಮಾರು 37 ಕೋಟಿಯಲ್ಲಿ ಒಂದು ಪಾಲು. ಅರ್ಧ ಕಿಲೋ ತೂಗುವ ತೆಂಗಿನಕಾಯಿಗೆ ಇದರಿಂದ ಆಗುವ ವ್ಯತ್ಯಾಸ ಒಂದು ಸೊಳ್ಳೆಯ ತೂಕದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಸಾಲದ್ದಕ್ಕೆ, ಈ ಸೆಳೆತ ಇರುವುದು ಕೆಳಕ್ಕೆ. ಮಲಗಿದ ಕಾಯಿಯನ್ನು ಮೇಲಕ್ಕೆ ಎಬ್ಬಿಸಲು ಅದರಿಂದ ಆಗದು.

ಈ ಸಣ್ಣ ಸೆಳೆತವನ್ನು ಅಳೆಯಲು ಸಾಧ್ಯವೇ ಇಲ್ಲ ಎಂದಲ್ಲ. 2002ರಲ್ಲಿ ಹಾರಿಸಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಭೂಮಿಯ ಗುರುತ್ವದಲ್ಲಾಗುವ ಸೂಕ್ಷ್ಮ ಏರಿಳಿತಗಳನ್ನು ಅಳೆಯುತ್ತಿದ್ದವು. ಅವುಗಳ ಮಾಹಿತಿಯಿಂದಲೇ ಪಂಜಾಬ್, ಹರಿಯಾಣ, ರಾಜಸ್ಥಾನದ ಭಾಗದಲ್ಲಿ ಅಂತರ್ಜಲ ವೇಗವಾಗಿ ಕರಗುತ್ತಿದೆ ಎಂದು 2009ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನೀರಿನ ಸೆಳೆತ ನಿಜ, ಅದು ಉಪಗ್ರಹಕ್ಕೂ ಗೊತ್ತಾಗುತ್ತದೆ. ಅಂಗೈ ಮೇಲಿನ ಕಾಯಿಗೆ ಗೊತ್ತಾಗುವಷ್ಟು ಇಲ್ಲ.

"ಕಾರಣ ಗೊತ್ತಿಲ್ಲ" ಎಂದರೆ "ಸುಳ್ಳು" ಎಂದೇ?

ಇಲ್ಲಿಗೇ ನಿಲ್ಲಿಸಿ "ಆದ್ದರಿಂದ ಇದು ಮೂಢನಂಬಿಕೆ" ಎಂದರೆ ಅದು ವಿಜ್ಞಾನಕ್ಕೆ ಮಾಡುವ ಅಪಚಾರ. ಏಕೆಂದರೆ ನಮಗೆ ತಿಳಿಯದ ಇನ್ನೊಂದು ಬಲ ಇರಲು ಸಾಧ್ಯವಿಲ್ಲವೇ ಎಂದು ಯಾರಾದರೂ ಕೇಳಬಹುದು. ಅದು ನ್ಯಾಯವಾದ ಪ್ರಶ್ನೆಯೇ.

ಭೌತವಿಜ್ಞಾನದ ಇತಿಹಾಸದಲ್ಲಿ ಇದಕ್ಕೆ ಉದಾಹರಣೆಗಳೂ ಇವೆ. ತೀರಾ ತಂಪಾದ ಪಾದರಸದಲ್ಲಿ ವಿದ್ಯುತ್ ಯಾವ ತಡೆಯೂ ಇಲ್ಲದೆ ಹರಿಯುವುದನ್ನು 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಆನ್ಸ್ ಕಂಡುಹಿಡಿದರು. ಹಾಗೇಕೆ ಆಗುತ್ತದೆ ಎಂಬ ತೃಪ್ತಿಕರ ವಿವರಣೆ ಸಿಕ್ಕಿದ್ದು 1957ರಲ್ಲಿ. ಮಧ್ಯದ 46 ವರ್ಷ ಯಾರೂ ಅದನ್ನು ಸುಳ್ಳು ಎನ್ನಲಿಲ್ಲ. ಕಾರಣ ಸರಳ: ಯಾರು, ಎಲ್ಲಿ, ಎಷ್ಟು ಸಲ ಪ್ರಯೋಗ ಮಾಡಿದರೂ ಅದೇ ಫಲಿತಾಂಶ ಸಿಗುತ್ತಿತ್ತು.

ಅಂದರೆ, ಒಂದು ಸಂಗತಿ ಹೇಗೆ ಆಗುತ್ತದೆ ಎಂದು ತಿಳಿಯದಿದ್ದರೂ, ಅದು ಆಗುತ್ತದೆಯೇ ಎಂದು ಪರೀಕ್ಷಿಸಬಹುದು. ಲೆಕ್ಕಾಚಾರ ನಮಗೆ ಅನುಮಾನ ಹುಟ್ಟಿಸಬಹುದು, ತೀರ್ಪು ಕೊಡಬೇಕಾದದ್ದು ಪ್ರಯೋಗ.

ಫ್ಯಾರಡೆ ಮತ್ತು ತಿರುಗುವ ಮೇಜು

ಈಗ ಎರಡನೇ ಊಹೆಗೆ ಬರೋಣ. ನಮಗೆ ತಿಳಿಯದಂತೆ ನಮ್ಮ ಕೈ ಕೆಲಸ ಮಾಡಲು ಸಾಧ್ಯವೇ? ಇದನ್ನು ಪರೀಕ್ಷಿಸಿದವರಲ್ಲಿ ಭೌತವಿಜ್ಞಾನದ ದೊಡ್ಡ ಹೆಸರೊಂದಿದೆ: ಮೈಕೆಲ್ ಫ್ಯಾರಡೆ. ಇಂದಿನ ಮೋಟಾರು, ಜನರೇಟರುಗಳ ಹಿಂದಿನ ತತ್ವಗಳನ್ನು ಕಂಡುಹಿಡಿದವರು ಇವರೇ.

1853ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿತ್ತು. ಕೆಲವರು ಮೇಜಿನ ಸುತ್ತ ಕುಳಿತು ಅಂಗೈಗಳನ್ನು ಅದರ ಮೇಲಿಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಮೇಜು ತಾನಾಗಿ ತಿರುಗುತ್ತಿತ್ತು. ಆತ್ಮಗಳ ಕೆಲಸ ಎಂದರು ಕೆಲವರು, ವಿದ್ಯುತ್ ಎಂದರು ಇನ್ನು ಕೆಲವರು. ಕುಳಿತವರೆಲ್ಲ ಪ್ರಾಮಾಣಿಕರು, ತಾವು ತಳ್ಳುತ್ತಿಲ್ಲ ಎಂದು ಆಣೆ ಮಾಡಿ ಹೇಳಬಲ್ಲವರು.

ಫ್ಯಾರಡೆ ಅವರನ್ನು ಅಪಹಾಸ್ಯ ಮಾಡಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಎರಡು ಊಹೆಗಳೂ ಬೇರೆ ಬೇರೆ ಫಲಿತಾಂಶ ಕೊಡುವಂಥ ಒಂದು ಪ್ರಯೋಗವನ್ನು ಯೋಚಿಸಿದರು. ರಟ್ಟಿನ ಕೆಲವು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಮಧ್ಯೆ ಸ್ವಲ್ಪ ಜಾರುವಂಥ ಮೆತ್ತನೆಯ ಅಂಟು ಹಚ್ಚಿ, ಮೇಜಿನ ಮೇಲೆ ಇರಿಸಿದರು. ಕೈ ಇಡಬೇಕಾದದ್ದು ಮೇಲಿನ ರಟ್ಟಿನ ಮೇಲೆ. ಮೇಜೇ ಮೊದಲು ತಿರುಗಿದರೆ ಕೆಳಗಿನ ರಟ್ಟು ಮುಂದೆ ಹೋಗಿ, ಮೇಲಿನದು ಹಿಂದೆ ಉಳಿಯಬೇಕು. ಕೈಗಳು ಮೊದಲು ತಳ್ಳಿದರೆ ಮೇಲಿನ ರಟ್ಟು ಮುಂದೆ ಜಾರಿರಬೇಕು.

ಮೇಲಿನ ರಟ್ಟೇ ಹೆಚ್ಚು ಮುಂದೆ ಜಾರಿತ್ತು. ತಳ್ಳಿದ್ದು ಕೈಗಳು.

ಅವರ ಮುಂದಿನ ಪ್ರಯೋಗ ಇನ್ನೂ ಸೊಗಸಾಗಿತ್ತು. ಕೈ ಸ್ವಲ್ಪ ತಳ್ಳಿದರೂ ವಾಲಿ ತೋರಿಸುವ ಹುಲ್ಲುಕಡ್ಡಿಯ ಸೂಚಕವೊಂದನ್ನು ಜೋಡಿಸಿದರು. ಅದು ಕಾಣದಂತೆ ಮರೆಮಾಡಿದಾಗ ಕೈಗಳು ಎಂದಿನಂತೆ ತಳ್ಳಿದವು. ಸೂಚಕ ಕಣ್ಣ ಮುಂದೆ ಇದ್ದಾಗ ಜನರಿಗೆ ತಾವು ತಳ್ಳುತ್ತಿರುವುದು ತಿಳಿಯಿತು, ತಳ್ಳುವುದು ತಾನಾಗಿ ನಿಂತಿತು. ಮೇಜೂ ನಿಂತಿತು!

ನಿರೀಕ್ಷೆಯೊಂದೇ ಸ್ನಾಯುಗಳನ್ನು ಸೂಕ್ಷ್ಮವಾಗಿ ಅಲುಗಾಡಿಸಬಲ್ಲದು, ನಮಗೆ ಅದು ತಿಳಿಯುವುದೂ ಇಲ್ಲ. ಇದಕ್ಕೆ ಇಡಿಯೊಮೋಟರ್ ಪರಿಣಾಮ ಎಂದು ಹೆಸರು. ನೀವೇ ನೋಡಬೇಕೇ? ಒಂದಡಿ ದಾರಕ್ಕೆ ಉಂಗುರ ಕಟ್ಟಿ ಬೆರಳಲ್ಲಿ ತೂಗಿ ಹಿಡಿಯಿರಿ. ಕೈ ಅಲುಗಿಸದೆ, "ಉಂಗುರ ಎಡಕ್ಕೂ ಬಲಕ್ಕೂ ತೂಗುತ್ತಿದೆ" ಎಂದು ಮನಸ್ಸಿನಲ್ಲೇ ಅಂದುಕೊಳ್ಳಿ. ಬಹಳಷ್ಟು ಜನರಿಗೆ ಒಂದೆರಡು ನಿಮಿಷದಲ್ಲಿ ಅದು ತೂಗತೊಡಗುತ್ತದೆ. ಈಗ ಕಣ್ಣು ಮುಚ್ಚಿ ಇನ್ನೊಮ್ಮೆ ಮಾಡಿ, ಬೇರೆಯವರು ನೋಡಿ ಹೇಳಲಿ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೊಲ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಥದ್ದೇ ಲೋಲಕವನ್ನು ತಮ್ಮ ಕೈಯಲ್ಲೇ ಹಿಡಿದು ಪರೀಕ್ಷಿಸಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಾಗ ಅದರ ಮಹಿಮೆ ಮಾಯವಾಗಿತ್ತು.

ಕಾಯಿ, ಕವಲು ಕಡ್ಡಿ, ತಾಮ್ರದ ಸರಳು

ಅಷ್ಟು ಸಣ್ಣ ಅಲುಗಾಟದಿಂದ ಇಡೀ ತೆಂಗಿನಕಾಯಿ ಏಳುತ್ತದೆಯೇ? ಏಳುತ್ತದೆ. ಅರ್ಧ ಕಿಲೋ ಕಾಯಿ ಮಲಗಿದ್ದದ್ದು ನಿಲ್ಲಲು ಅದರ ಗುರುತ್ವ ಕೇಂದ್ರ ಸುಮಾರು 2 ಸೆಂಟಿಮೀಟರ್ ಮೇಲೇರಬೇಕು ಎಂದಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಶಕ್ತಿ ಸುಮಾರು 0.1 ಜೂಲ್. 100 ಗ್ರಾಂ ತೂಕದ ಸೋಪನ್ನು 10 ಸೆಂಟಿಮೀಟರ್ ಎತ್ತಲು ಬೇಕಾಗುವಷ್ಟೇ. ನಡೆಯುವಾಗಿನ ಕುಲುಕಾಟ, ಬೆರಳುಗಳ ಒಂದಿಷ್ಟು ಮಡಿಕೆ, ಅಂಗೈಯ ಚೂರು ಓರೆ ಸೇರಿದರೆ ಧಾರಾಳವಾಗಿ ಸಾಕು.

ಬೇವಿನದೋ ಹೊಂಗೆಯದೋ ಕವಲು ಕಡ್ಡಿಯ ಕಥೆಯೂ ಇದೇ. ಎರಡು ತುದಿಗಳನ್ನು ಹಿಡಿದು ಹೊರಕ್ಕೆ ಬಗ್ಗಿಸಿದಾಗ ಕಡ್ಡಿ ಬಿಲ್ಲಿನಂತೆ ಶಕ್ತಿಯನ್ನು ತುಂಬಿಕೊಂಡಿರುತ್ತದೆ. ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಿದಂಥ ಸ್ಥಿತಿ ಅದು. ಮಣಿಕಟ್ಟು ಕೂದಲೆಳೆಯಷ್ಟು ತಿರುಗಿದರೂ ಆ ಶಕ್ತಿ ಒಮ್ಮೆಲೇ ಬಿಡುಗಡೆಯಾಗಿ ಕಡ್ಡಿ ಜೋರಾಗಿ ಎಳೆದಂತೆ ಬಗ್ಗುತ್ತದೆ. "ತಡೆದರೂ ನಿಲ್ಲಲಿಲ್ಲ" ಎಂದು ಹಿಡಿದವರು ಹೇಳುವುದು ಸುಳ್ಳಲ್ಲ. ಇನ್ನು ಎಲ್ ಆಕಾರದ ತಾಮ್ರದ ಸರಳುಗಳು ಓರೆಯಾಗಿ ಕೂರಿಸಿದ ಗೇಟಿನಂತೆ: ಹಿಡಿ ಚೂರು ವಾಲಿದರೆ ಸಾಕು, ತಗ್ಗಿದ ಕಡೆಗೆ ತಿರುಗಿಬಿಡುತ್ತವೆ.

ಮೂರರಲ್ಲೂ ಸಾಮಾನ್ಯವಾದ ಅಂಶ ಒಂದೇ. ಕೈಯ ಸಣ್ಣ ಅಲುಗಾಟವನ್ನು ಕಣ್ಣಿಗೆ ದೊಡ್ಡದಾಗಿ ತೋರಿಸುವ ವ್ಯವಸ್ಥೆಗಳು ಅವು.

ಗೊತ್ತಿಲ್ಲದಂತೆ ಮಾಡಿ ನೋಡಿದರೆ?

ಇಷ್ಟಾದರೂ ಒಂದು ಸಾಧ್ಯತೆ ಉಳಿಯುತ್ತದೆ. ಕೈಯೇ ಅಲುಗಿರಬಹುದು, ಆದರೆ ನೀರಿನ ಇರವು ಹೇಗೋ ಆ ವ್ಯಕ್ತಿಗೆ ತಿಳಿದು ಕೈ ಅಲುಗಿದ್ದರೆ? ಇದನ್ನೂ ಪರೀಕ್ಷಿಸಬಹುದು. ನೀರು ಎಲ್ಲಿದೆ ಎಂದು ಹುಡುಕುವವರಿಗೂ ಗೊತ್ತಿರಬಾರದು, ಅವರ ಜೊತೆ ಇರುವವರಿಗೂ ಗೊತ್ತಿರಬಾರದು. ಇಂಥ ಏರ್ಪಾಡನ್ನು ಡಬಲ್ ಬ್ಲೈಂಡ್ ಪರೀಕ್ಷೆ ಎನ್ನುತ್ತಾರೆ. ಹೊಸ ಔಷಧಿಗಳನ್ನು ಪರೀಕ್ಷಿಸುವುದೂ ಇದೇ ಕ್ರಮದಲ್ಲಿ.

1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಸುಮಾರು 30 ಮಂದಿ ನೀರು ಶೋಧಕರ ಮೇಲೆ ಇಂಥ ಪರೀಕ್ಷೆ ನಡೆಯಿತು. ಸಮತಟ್ಟಾದ ಮೈದಾನದಲ್ಲಿ 50 ಸೆಂಟಿಮೀಟರ್ ಆಳದಲ್ಲಿ ಪೈಪ್ ಹೂಳಲಾಗಿತ್ತು. ಪೈಪ್ ಎಲ್ಲಿದೆ ಎಂದು ಗುರುತು ಮಾಡಿ ತೋರಿಸಿಯೂ ಇದ್ದರು. ಅದರಲ್ಲಿ ಈಗ ನೀರು ಹರಿಯುತ್ತಿದೆಯೇ ಇಲ್ಲವೇ ಎಂದಷ್ಟೇ ಹೇಳಬೇಕಿತ್ತು. ಪರೀಕ್ಷೆ ನ್ಯಾಯವಾಗಿದೆ ಎಂದು ಎಲ್ಲರೂ ಮೊದಲೇ ಸಹಿ ಹಾಕಿದ್ದರು. ಫಲಿತಾಂಶ, ನಾಣ್ಯ ಚಿಮ್ಮಿ ಊಹಿಸಿದರೆ ಸಿಗುವುದಕ್ಕಿಂತ ಉತ್ತಮವಾಗಿರಲಿಲ್ಲ.

ಅದಕ್ಕಿಂತ ಸ್ವಲ್ಪ ಮುಂಚೆ, 1987-88ರಲ್ಲಿ ಮ್ಯೂನಿಕ್ ಬಳಿ ನಡೆದ ಪ್ರಯೋಗ ಇನ್ನೂ ದೊಡ್ಡದು. ಎರಡಂತಸ್ತಿನ ಕೊಟ್ಟಿಗೆಯೊಂದರ ಕೆಳಗಡೆ ಗಾಡಿಯ ಮೇಲೆ ನೀರಿನ ಪೈಪ್ ಇಟ್ಟು 10 ಮೀಟರ್ ಉದ್ದದ ಸಾಲಿನಲ್ಲಿ ಬೇಕಾದಲ್ಲಿ ನಿಲ್ಲಿಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ನಡೆಯುತ್ತಾ ಪೈಪ್ ಎಲ್ಲಿದೆ ಎಂದು ಶೋಧಕರು ಹೇಳಬೇಕು. ಸುಮಾರು 500 ಜನರಲ್ಲಿ ಚೆನ್ನಾಗಿ ಮಾಡಬಹುದೆಂದು ಕಂಡ 43 ಮಂದಿಯನ್ನು ಆರಿಸಿ 843 ಪರೀಕ್ಷೆ ಮಾಡಿದರು. ಬಹುತೇಕರು ವಿಫಲರಾದರು. ಆದರೆ ಕೆಲವರಲ್ಲಿ ನಿಜವಾದ ಸಾಮರ್ಥ್ಯ ಕಾಣುತ್ತಿದೆ ಎಂದು ಪ್ರಯೋಗ ನಡೆಸಿದವರು ಹೇಳಿದರು.

ಇಲ್ಲಿಯೇ ವಿಜ್ಞಾನದ ಇನ್ನೊಂದು ಹೆಜ್ಜೆ ಬರುತ್ತದೆ: ಒಬ್ಬರ ತೀರ್ಮಾನವನ್ನು ಬೇರೆಯವರು ಪರಿಶೀಲಿಸುವುದು. ಜಿಮ್ ಎನ್‌ರೈಟ್ ಎಂಬ ಅಮೆರಿಕದ ವಿಜ್ಞಾನಿ ಅದೇ ಅಂಕಿಅಂಶಗಳನ್ನು 1990ರ ದಶಕದಲ್ಲಿ ಮತ್ತೆ ವಿಶ್ಲೇಷಿಸಿದರು. ಒಂದು ಸರಣಿಯಲ್ಲಿ ಮಿಂಚಿದವರು ಇನ್ನೊಂದು ಸರಣಿಯಲ್ಲಿ ಅದನ್ನು ಪುನರಾವರ್ತಿಸಿರಲಿಲ್ಲ. ಅದೃಷ್ಟದಿಂದ ಸಿಗಬಹುದಾದ ಫಲಿತಾಂಶವಷ್ಟೇ ಅಲ್ಲಿತ್ತು.

ಅದೃಷ್ಟವನ್ನು ಹೀಗೆ ಬೇರ್ಪಡಿಸುವುದು ಏಕೆ ಮುಖ್ಯ ಎಂದು ನಾಣ್ಯದಿಂದ ತಿಳಿಯಬಹುದು. ಒಬ್ಬರು 10 ಸಲ ನಾಣ್ಯ ಚಿಮ್ಮುವಾಗ ಬರೀ ಊಹೆಯಿಂದ 8 ಅಥವಾ ಹೆಚ್ಚು ಸಲ ಸರಿ ಹೇಳುವ ಸಾಧ್ಯತೆ ಸುಮಾರು ಶೇಕಡಾ 5.5. ಅಂದರೆ 100 ಜನರನ್ನು ಕೂರಿಸಿದರೆ ಐದಾರು ಮಂದಿ "ಶಕ್ತಿವಂತರು" ಸಿಕ್ಕೇ ಸಿಗುತ್ತಾರೆ! ಅವರನ್ನಷ್ಟೇ ಮತ್ತೆ ಪರೀಕ್ಷಿಸಿದಾಗ ನಿಜ ಗೊತ್ತಾಗುತ್ತದೆ. ನಿಜವಾದ ಸಾಮರ್ಥ್ಯ ಎರಡನೇ ಸಲವೂ ಕಾಣಿಸುತ್ತದೆ. ಅದೃಷ್ಟ ಹಾಗೆ ಕಾಣಿಸುವುದಿಲ್ಲ.

ಹಾಗಾದರೆ ಅವರು ಹೇಳಿದಲ್ಲಿ ನೀರು ಸಿಗುವುದು ಹೇಗೆ?

ನೀರು ಸಿಗುವುದೂ ನಿಜ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಎಲ್ಲಿ ಕೊರೆದರೂ ಸಿಗುವ ನೀರು. ನೆಲದಡಿಯಲ್ಲಿ ನದಿಗಳಂತೆ ನೀರು ಹರಿಯುತ್ತದೆ ಎಂಬ ಕಲ್ಪನೆ ನಮ್ಮಲ್ಲಿದೆ. ಆದರೆ ಕರ್ನಾಟಕದ ಹೆಚ್ಚಿನ ಭಾಗದಲ್ಲಿ ಕೆಳಗಿರುವುದು ಗಟ್ಟಿ ಶಿಲೆ. ಮೇಲ್ಪದರದ ಶಿಥಿಲಗೊಂಡ ಕಲ್ಲು ಸ್ಪಂಜಿನಂತೆ ಮಳೆನೀರು ಹಿಡಿದಿಟ್ಟುಕೊಳ್ಳುತ್ತದೆ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ನೀರಿರುತ್ತದೆ. ಒಂದು ಊರಿನಲ್ಲಿ ಎಲ್ಲೆಂದರಲ್ಲಿ ಕೊರೆದರೂ 10ರಲ್ಲಿ 6 ಬೋರ್‌ಗೆ ನೀರು ಬೀಳುತ್ತದೆ ಎಂದುಕೊಳ್ಳಿ. ಅಲ್ಲಿ ನೀರು ನೋಡುವವರ 10ರಲ್ಲಿ 6 ಹೇಳಿಕೆ ನಿಜವಾದರೆ ಅವರು ಹೊಸದಾಗಿ ಏನನ್ನೂ ಹೇಳಿದಂತಾಗಲಿಲ್ಲ. "ಎಷ್ಟು ಸರಿಯಾಯಿತು" ಎಂದು ಮಾತ್ರ ಕೇಳಿದರೆ ಸಾಲದು, "ಕೇಳದೇ ಇದ್ದಿದ್ದರೆ ಎಷ್ಟು ಸರಿಯಾಗುತ್ತಿತ್ತು" ಎಂದೂ ಕೇಳಬೇಕು. ಹೋಲಿಕೆ ಇಲ್ಲದ ಯಶಸ್ಸಿಗೆ ಅರ್ಥವಿಲ್ಲ.

ಎರಡನೆಯದು, ನಮ್ಮ ನೆನಪು. ನಮ್ಮ ಚಿಕ್ಕಪ್ಪನ ಹೊಲದಲ್ಲಿ ಮೂರರಲ್ಲಿ ಎರಡು ಸುಳ್ಳಾಗಿದ್ದವು. ಆದರೆ ಕಥೆಯಾಗಿ ಉಳಿದದ್ದು ನಿಜವಾದ ಒಂದು. ವಿಫಲವಾದ ಬೋರ್‌ಗೆ "ಇನ್ನೂ 50 ಅಡಿ ಹೋಗಬೇಕಿತ್ತು", "ರಿಗ್‌ನವರು ಪಾಯಿಂಟ್ ಬಿಟ್ಟು ಒಂದಡಿ ಪಕ್ಕಕ್ಕೆ ಹೊಡೆದರು" ಎಂಬ ಸಮಾಧಾನ ಸಿದ್ಧವಿರುತ್ತದೆ. ನೀರು ಬಂದರೂ ಸರಿ, ಬರದಿದ್ದರೂ ಸರಿ ಎನ್ನುವ ಊಹೆಯನ್ನು ಯಾವ ಪರೀಕ್ಷೆಯೂ ಸೋಲಿಸಲಾರದು. ಕೇಳಲು ಇದು ಅದರ ಬಲ ಎನಿಸುತ್ತದೆ. ವಿಜ್ಞಾನದ ದೃಷ್ಟಿಯಲ್ಲಿ ಅದು ದೌರ್ಬಲ್ಯ, ಏಕೆಂದರೆ ಯಾವಾಗ ತಪ್ಪು ಎಂದು ಹೇಳದ ಮಾತು ಏನನ್ನೂ ಮುಂಚಿತವಾಗಿ ತಿಳಿಸುವುದಿಲ್ಲ.

ಮೂರನೆಯದು, ಅನುಭವ. ನೂರಾರು ಹೊಲ ತಿರುಗಿದವರಿಗೆ ನೆಲದ ಇಳಿಜಾರು, ಹಳ್ಳದ ದಿಕ್ಕು, ಬೇಸಿಗೆಯಲ್ಲೂ ಹಸಿರಾಗಿರುವ ಮರ, ಅಕ್ಕಪಕ್ಕದ ಬಾವಿಗಳು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮರ ಮತ್ತು ಹುತ್ತಗಳನ್ನು ನೋಡಿ ಅಂತರ್ಜಲ ಗುರುತಿಸುವ ಬಗ್ಗೆ ಒಂದು ಅಧ್ಯಾಯವೇ ಇದೆ. ಆಳಕ್ಕೆ ಬೇರು ಬಿಡುವ ಮರಕ್ಕೂ ನೀರಿಗೂ ನಂಟಿರುವುದು ಸಹಜ. ಈ ಗುರುತುಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಬಹುದು. ಅಂದರೆ ನೀರು ನೋಡುವವರಲ್ಲಿ ಜ್ಞಾನವಿದ್ದರೆ ಅದು ಅವರ ಕಣ್ಣು ಮತ್ತು ಅನುಭವದಲ್ಲಿದೆ, ಕಾಯಿಯಲ್ಲಿ ಅಲ್ಲ.

ಯಂತ್ರಕ್ಕೂ ಅದೇ ಅಳತೆಗೋಲು

"ಹಾಗಾದರೆ ಮೆಷಿನ್ ತರಿಸಿದರೆ ಗ್ಯಾರಂಟಿಯೇ?" ಎಂದು ನೀವು ಕೇಳಬಹುದು. ಭೂಗರ್ಭ ತಜ್ಞರು ಬಳಸುವ ಸಾಮಾನ್ಯ ವಿಧಾನ ವಿದ್ಯುತ್ ರೋಧತೆಯ ಸಮೀಕ್ಷೆ. ನೆಲಕ್ಕೆ ನಾಲ್ಕು ಲೋಹದ ಗೂಟ ನೆಟ್ಟು, ಎರಡರ ಮೂಲಕ ವಿದ್ಯುತ್ ಹರಿಸಿ, ಉಳಿದೆರಡರ ನಡುವಿನ ವೋಲ್ಟೇಜ್ ಅಳೆಯುತ್ತಾರೆ. ಒಣ, ಗಟ್ಟಿ ಗ್ರಾನೈಟ್ ವಿದ್ಯುತ್ತಿಗೆ ಬಹಳ ತಡೆ ಒಡ್ಡುತ್ತದೆ. ನೀರು ತುಂಬಿದ ಶಿಥಿಲ ಶಿಲೆಯ ತಡೆ ಅದಕ್ಕಿಂತ ಎಷ್ಟೋ ಕಡಿಮೆ. ಗೂಟಗಳ ಅಂತರ ಹೆಚ್ಚಿಸುತ್ತಾ ಹೋದಂತೆ ಇನ್ನಷ್ಟು ಆಳದ ಮಾಹಿತಿ ಸಿಗುತ್ತದೆ. ಪ್ರೌಢಶಾಲೆಯಲ್ಲಿ ಓದಿದ ಓಮ್‌ನ ನಿಯಮವೇ ಇಲ್ಲಿ ದುಡಿಯುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ 1912ರಲ್ಲಿ ಇಂಥ ಪ್ರಯೋಗಗಳನ್ನು ಶುರು ಮಾಡಿದರು.

ಆದರೆ ಯಂತ್ರ ಅಳೆಯುವುದು ನೀರನ್ನಲ್ಲ, ತಡೆಯನ್ನು. ಜೇಡಿಮಣ್ಣೂ ಕಡಿಮೆ ತಡೆ ತೋರಿಸುತ್ತದೆ. ಆಳದಲ್ಲಿರುವ ತೆಳುವಾದ ಬಿರುಕುಗಳು ಅಳತೆಯಲ್ಲಿ ಕಾಣದೇ ಹೋಗಬಹುದು. ಹಾಗಾಗಿ ಸಮೀಕ್ಷೆಯೂ ತಪ್ಪುತ್ತದೆ. ಯಾರಾದರೂ "ನೂರಕ್ಕೆ ನೂರು ಗ್ಯಾರಂಟಿ" ಎಂದರೆ, ಅವರ ಕೈಯಲ್ಲಿ ಕಾಯಿ ಇರಲಿ ಮೀಟರ್ ಇರಲಿ, ಅನುಮಾನಿಸಿ. ಯಾವ ಕಂಪನಿಯ ಹೆಸರೂ ಇಲ್ಲದ, ಹೇಗೆ ಕೆಲಸ ಮಾಡುತ್ತದೆಂದು ಹೇಳಲಾಗದ "ಡಿಜಿಟಲ್ ಡಿಟೆಕ್ಟರ್" ಕೂಡ ಅದೇ ಪರೀಕ್ಷೆಗೆ ಒಳಪಡಬೇಕು. ಒಳ್ಳೆಯ ತಜ್ಞರು ಏನು ಅಳೆದರು, ಅದರಿಂದ ಏನನ್ನು ಊಹಿಸಿದರು, ಎಲ್ಲಿ ತಪ್ಪಬಹುದು ಎಂದು ವಿವರಿಸುತ್ತಾರೆ.

ಇನ್ನೊಂದು ಕಹಿ ಸತ್ಯವೂ ಇದೆ. ಮಳೆನೀರು ಇಂಗುವುದಕ್ಕಿಂತ ಹೆಚ್ಚು ನೀರನ್ನು ವರ್ಷಗಟ್ಟಲೆ ಮೇಲೆತ್ತಿದ ಜಾಗದಲ್ಲಿ, ಇಲ್ಲದ ನೀರನ್ನು ಯಾವ ವಿಧಾನವೂ ತೋರಿಸಲಾರದು.

ನಿಮ್ಮ ಹೊಲದಲ್ಲೇ ಮಾಡಬಹುದಾದ ಪರೀಕ್ಷೆ

ಕೊರೆಸುವ ಮುನ್ನ, ಒಂದು ರೂಪಾಯಿ ಹೆಚ್ಚು ಖರ್ಚಿಲ್ಲದೆ ಈ ಪರೀಕ್ಷೆ ಮಾಡಬಹುದು. ನೀರು ನೋಡುವವರಿಗೆ ಗೌರವದಿಂದಲೇ ಹೇಳಿ, ಅವರು ಒಪ್ಪಿದ ಮೇಲೆ ಶುರು ಮಾಡಿ.

1. ಅವರು ಮೊದಲ ಸಲ ನಡೆದು ಪಾಯಿಂಟ್‌ಗಳನ್ನು ಹೇಳಲಿ. ನೆಲದ ಮೇಲೆ ಕಲ್ಲು ಇಡಬೇಡಿ. ಬದುವಿನಿಂದ ಎಷ್ಟು ಹೆಜ್ಜೆ ಎಂದು ಒಬ್ಬರು ಚೀಟಿಯಲ್ಲಿ ಬರೆದುಕೊಂಡು ಅಲ್ಲಿಂದ ಹೊರಟುಹೋಗಲಿ.

2. ಈಗ ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಬೇರೆ ದಿಕ್ಕಿನಿಂದ ಅದೇ ಹೊಲದಲ್ಲಿ ನಡೆಸಿ. ಕೈ ಹಿಡಿದು ನಡೆಸುವವರಿಗೆ ಮೊದಲಿನ ಪಾಯಿಂಟ್‌ಗಳು ಗೊತ್ತಿರಬಾರದು. ಕಾಯಿ ಎಲ್ಲೆಲ್ಲಿ ಏಳುತ್ತದೆಂದು ಮತ್ತೆ ಬರೆದುಕೊಳ್ಳಿ. ಎರಡು ಮೂರು ಸಲ ಹೀಗೆ ಮಾಡಿ.

3. ಸಾಧ್ಯವಾದರೆ ಇನ್ನೊಬ್ಬ ನೀರು ನೋಡುವವರನ್ನು, ಮೊದಲಿನವರು ಏನು ಹೇಳಿದರೆಂದು ತಿಳಿಸದೆ, ಕರೆಸಿ.

4. ಚೀಟಿಗಳನ್ನು ಹೋಲಿಸುವ ಮುಂಚೆಯೇ ಎಲ್ಲರೂ ಸೇರಿ ತೀರ್ಮಾನಿಸಿ: ಎಷ್ಟು ಹೆಜ್ಜೆ ಅಂತರದೊಳಗೆ ಬಂದರೆ ಸರಿ, ಎಷ್ಟು ತಪ್ಪಾದರೆ ಒಪ್ಪುವುದಿಲ್ಲ.

ನೀರು ಅಲ್ಲಾಡದೆ ಅಲ್ಲೇ ಇದೆ. ಕಾಯಿಯನ್ನು ಎಬ್ಬಿಸುವುದು ನೀರೇ ಆಗಿದ್ದರೆ ಪ್ರತಿಸಲವೂ ಅದು ಅದೇ ಜಾಗದಲ್ಲಿ ಏಳಬೇಕು. ಕಣ್ಣಿಗೆ ಬಟ್ಟೆ ಕಟ್ಟಿದ ಕೂಡಲೇ ಪಾಯಿಂಟ್‌ಗಳು ಚದುರಿಹೋದರೆ, ಎಬ್ಬಿಸುತ್ತಿದ್ದದ್ದು ನೀರಲ್ಲ ಎಂದಾಯಿತು.

ಗಮನಿಸಿದಿರಾ? ಅವಲೋಕನ, ಊಹೆ, ಮುನ್ಸೂಚನೆ, ನಿಯಂತ್ರಿತ ಪರೀಕ್ಷೆ, ಪುನರಾವರ್ತನೆ, ಬೇರೆಯವರಿಂದ ಪರಿಶೀಲನೆ ಎಂದು ಪಠ್ಯಪುಸ್ತಕದಲ್ಲಿರುವ ವಿಜ್ಞಾನದ ವಿಧಾನ ಪೂರ್ತಿಯಾಗಿ ಈ ನಾಲ್ಕು ಹೆಜ್ಜೆಗಳಲ್ಲಿದೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಬೇಕಾದದ್ದು, ನನ್ನ ಅನಿಸಿಕೆ ತಪ್ಪಾಗಿರಬಹುದು ಎಂದು ಒಪ್ಪಿ, ಅದು ತಪ್ಪಾದರೆ ಗೊತ್ತಾಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು.

ಈ ವರ್ಷ ಚಿಕ್ಕಪ್ಪನ ಮಗ ಅದೇ ಹೊಲದಲ್ಲಿ ಇನ್ನೊಂದು ಬೋರ್ ಕೊರೆಸುವ ಯೋಚನೆಯಲ್ಲಿದ್ದಾನೆ. ಮೊದಲು ಭೂಗರ್ಭ ತಜ್ಞರನ್ನು ಕರೆಸು, ಸುತ್ತಲಿನ ಬೋರ್‌ಗಳಲ್ಲಿ ಎಷ್ಟು ಅಡಿಗೆ ನೀರು ಬಿತ್ತು, ಎಷ್ಟು ವಿಫಲವಾದವು ಎಂದು ಪಟ್ಟಿ ಮಾಡು ಎಂದಿದ್ದೇನೆ. ಕಾಯಿ ಹಿಡಿಯುವವರನ್ನೂ ಕರೆಸಬೇಕೆಂದು ಚಿಕ್ಕಪ್ಪನ ಹಟ. ಬೇಡ ಎನ್ನಲಿಲ್ಲ. ಕಣ್ಣಿಗೆ ಕಟ್ಟಲು ಒಂದು ಟವೆಲ್ ಜೊತೆಗಿಟ್ಟುಕೊಳ್ಳಲು ಮಾತ್ರ ಹೇಳಿದ್ದೇನೆ.